ತಳ ಮುಟ್ಟುವ ಕೋಲು

ವೈಕುಂಠ ಸಮಾರಾಧನೆಯ ಮಾರನೆಯ ದಿನ ಸೋಮವಾರ. ಮಿಷಿಗನ್ನಿನ ನಮ್ಮ ಬಡಾವಣೆಗೆ ಸೋಮವಾರ ಕಸದ ಲಾರಿ ಬರುತ್ತದೆ. ಹದಿಮೂರು ದಿನ ಮನೆ ತುಂಬ ಜನವಿದ್ದರು. ಆ ಬೆಳಿಗ್ಗೆ ಉಳಿದವರು ಮೂವರೇ: ನಾನು, ಅತ್ತೆ ಅನುಸೂಯಮ್ಮ, ಅತ್ತೆಯ ತಮ್ಮ ವೆಂಕಟರಾಮು ಮಾವ. ಊಟದ ಕಾಗದದ ತಟ್ಟೆಗಳನ್ನೆಲ್ಲ ಕಪ್ಪು ಚೀಲಗಳಲ್ಲಿ ತುಂಬಿ ರಸ್ತೆಯಂಚಿಗೆ ಎಳೆದುಕೊಂಡು ಹೋದೆ. ಲಾರಿಯವನು ಚೀಲಗಳ ಸಾಲು ನೋಡಿ, ಪಾರ್ಟಿ ಜೋರಾಗಿತ್ತೇನು ಎಂದು ಕೇಳಿದ. ಹೌದೆಂದೆ. ಬೇರೆ ಉತ್ತರ ಕೊಟ್ಟರೆ ಅವನು ಲಾರಿ ಆಫ್ ಮಾಡಬೇಕಾಗುತ್ತಿತ್ತು.

ನನ್ನ ಗಂಡ ಹೃಷೀಕೇಶ ಏಪ್ರಿಲ್ ಏಳರ ಮಂಗಳವಾರ, ವಾರೆನ್‌ನಲ್ಲಿ ತನ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿ, ಲಾಕ್ ಮಾಡಿ, ಸುಮಾರು ಹನ್ನೆರಡು ಹೆಜ್ಜೆ ನಡೆದು ಸತ್ತ. ಮೂವತ್ತಾರು ವರ್ಷ. ಹೃದಯ ಎಂದರು. ಅದರ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಈ ಕಥೆ ಒಂದು ಕೋಲಿನದು.

ಲಾರಿ ಹೋದ ಮೇಲೆ ಪಕ್ಕದ ಮನೆಯ ಸ್ಟ್ಯಾನ್ ಬಂದರು. ಎಪ್ಪತ್ತೆಂಟು ವರ್ಷದ ಮುದುಕ. ಕಾರಿನ ಬಿಡಿಭಾಗಗಳ ಅಚ್ಚು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಟೋಪಿ ತೆಗೆದರು. ಹವಾಮಾನದ ಬಗ್ಗೆ ಮಾತಾಡಿದರು. ಕಸದ ಡಬ್ಬದ ಮುಚ್ಚಳದ ಬಗ್ಗೆ ಮಾತಾಡಿದರು. ಟೋಪಿ ಹಾಕಿಕೊಂಡು, ಮತ್ತೆ ತೆಗೆದು, "ಆತುರವೇನಿಲ್ಲಮ್ಮ. ಆದರೆ ಶನಿವಾರ ಟ್ರೌಟ್ ಮೀನಿನ ಸೀಸನ್ ಶುರು. ನನ್ನ ಕೋಲು ಹೃಷಿ ಹತ್ತಿರ ಇತ್ತು. ಹಸಿರು ಗವಸಿನಲ್ಲಿ," ಎಂದರು.

"ಗೊತ್ತು. ಈಗಲೇ ತರ್ತೀನಿ."

"ಬೇರೆ ಕೋಲಾಗಿದ್ದರೆ ಕೇಳ್ತಿರಲಿಲ್ಲ. ಇದು ನಾನೇ ಕಟ್ಟಿದ್ದು. ಮೂರು ಚಳಿಗಾಲ ಹಿಡೀತು. ಈಗ ಕೈ ನಡುಗುತ್ತೆ, ಇನ್ನೊಂದು ಕಟ್ಟೋಕಾಗಲ್ಲ."

ನಾನು ಗರಾಜಿಗೆ ಹೋದೆ. ಗೋಡೆಯ ಮೊಳೆ ಇತ್ತು. ಮೊಳೆಯಲ್ಲಿ ಏನೂ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಹೃಷಿ ಮೀನು ಹಿಡಿಯುತ್ತಿದ್ದ. ಈ ವಾಕ್ಯ ಪೂರ್ತಿ ನಿಜವಲ್ಲ. ಎರಡು ವರ್ಷ, ಸೀಸನ್ನಿನ ಪ್ರತಿ ಶನಿವಾರ ಬೆಳಿಗ್ಗೆ, ಹದಿನಾರು ಮೈಲಿ ದೂರದ ನದಿಗೆ ಮೀನು ಹಿಡಿಯಲು ಹೋಗುತ್ತಿದ್ದ. ಈರುಳ್ಳಿಯನ್ನೂ ತಿನ್ನದ ಮೈಸೂರಿನ ಮಾಧ್ವರ ಮನೆಯ ಹುಡುಗ. ಈ ವಿಷಯ ಗೊತ್ತಿದ್ದದ್ದು ನನಗೆ, ಸ್ಟ್ಯಾನ್‌ಗೆ ಮತ್ತು ಮಿಷಿಗನ್ ರಾಜ್ಯ ಸರ್ಕಾರಕ್ಕೆ.

ಸ್ಟ್ಯಾನ್ ಅವನಿಗೆ ಕಲಿಸಿದ ವಿದ್ಯೆಗೆ ಬಾಟಮ್ ಬೌನ್ಸಿಂಗ್ ಎಂದು ಹೆಸರು. ದಾರದ ತುದಿಗೆ ಸಣ್ಣ ಸೀಸದ ತೂಕ, ಅದರಿಂದ ಒಂದೆರಡು ಅಡಿ ದೂರದಲ್ಲಿ ಗಾಳ. ಹರಿವಿನ ಮೇಲ್ಭಾಗಕ್ಕೆ ಎಸೆಯಬೇಕು. ಸೀಸ ಮುಳುಗಿ ನದಿಯ ತಳದ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತ ಹರಿವಿನ ಜೊತೆ ಇಳಿದು ಬರುತ್ತದೆ. ಟ್ರೌಟ್ ತಳದಲ್ಲೇ ಇರುವ ಮೀನು. ಊಟಕ್ಕಾಗಿ ಮೇಲೆ ಬರುವ ಶ್ರಮ ತೆಗೆದುಕೊಳ್ಳುವುದಿಲ್ಲ. ಕಲ್ಲಿಗೆ ತಾಗಿದ ಟಕ್ ಟಕ್ ಕೋಲಿನ ಮೂಲಕ ಕೈಗೆ ತಿಳಿಯುತ್ತದೆ. ಆ ಟಕ್ ಟಕ್ ನಡುವೆ ಬೇರೆ ಥರದ್ದೊಂದು ಬಂದರೆ ಅದು ಮೀನು, ಆಗ ಕೋಲೆತ್ತಬೇಕು. ವಿದ್ಯೆಯೆಲ್ಲ ಇರುವುದು ಆ ವ್ಯತ್ಯಾಸದಲ್ಲಿ.

ಹೃಷಿಗೆ ಅದು ತಿಳಿಯಲಿಲ್ಲ. ಆಫೀಸಿನಲ್ಲಿ ಅವನ ಕೆಲಸ ಕಾರಿನ ಸೀಟು ಎಷ್ಟು ನಡುಗುತ್ತದೆಂದು ಅಳೆಯುವುದು. ಕಲ್ಲಿನ ಕಂಪನಕ್ಕೂ ಮೀನಿನ ಕಂಪನಕ್ಕೂ ಎಕ್ಸೆಲ್ ಶೀಟು ಮಾಡಿದ್ದ. ಪ್ರತಿ ಕಲ್ಲಿಗೂ ಕೋಲೆತ್ತುತ್ತಿದ್ದ. ಮೀನು ಬಂದಾಗ, ಇದೂ ಕಲ್ಲೇ ಎಂದು ಸುಮ್ಮನಿರುತ್ತಿದ್ದ. ಎರಡು ವರ್ಷದಲ್ಲಿ ಹಿಡಿದ ಮೀನು ಸೊನ್ನೆ. ಮೀನಿನ ಮೊಟ್ಟೆಯನ್ನು ಮುಟ್ಟಲು ಮನಸ್ಸಾಗದೆ, ಅದೇ ಗಾತ್ರದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮಣಿಗಳನ್ನು ಗಾಳದ ಹತ್ತಿರ ಪೋಣಿಸುತ್ತಿದ್ದ. "ನಾನು ಮೀನು ಹಿಡಿಯಲ್ಲ ಕಣೇ, ತಳ ಮುಟ್ಟಿ ಬರ್ತೀನಿ, ಅಷ್ಟೇ," ಎನ್ನುತ್ತಿದ್ದ. ಪ್ರಾಯಶ್ಚಿತ್ತದ ಅಗತ್ಯ ಬೀಳದ ಹಾಗೆ ಪಾಪ ಮಾಡಿದ ಅಪರೂಪದ ಮನುಷ್ಯ.

ಅವನನ್ನು ಕೆಡಿಸಿದ್ದು ಒಂದು ಫೋಟೋ. ಕನ್ನಡ ಕೂಟದ ಕಾರ್ಯದರ್ಶಿ ಅರುಣ್ ಕುಮಾರ್ ಒಂದು ಬೆಳಿಗ್ಗೆ ನದಿಯ ದಂಡೆಯಲ್ಲಿ ಓಡುತ್ತಿದ್ದಾಗ ಹೃಷಿಯನ್ನು ಕಂಡರು: ಮಂಜು, ಸೊಂಟಮಟ್ಟ ನೀರು, ಇವರ ಕಡೆ ಬೆನ್ನು, ಬಾಗಿದ ತಲೆ, ಎದೆಯ ಹತ್ತಿರ ಜೋಡಿಸಿದ ಕೈಗಳು. ಹೃಷಿ ಆಗ ದಾರದ ಸಿಕ್ಕು ಬಿಡಿಸುತ್ತಿದ್ದ. ಅರುಣ್ ಕುಮಾರ್ ದೂರದಿಂದಲೇ ಫೋಟೋ ತೆಗೆದು, "ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅರ್ಘ್ಯ! ನಮ್ಮ ನಡುವೆಯೇ ಒಬ್ಬ ತಪಸ್ವಿ," ಎಂದು ವಾಟ್ಸಾಪ್ ಗುಂಪಿಗೆ ಹಾಕಿದರು. ಹೃಷಿ ನಿಜ ಹೇಳಲೆಂದು ಟೈಪ್ ಮಾಡತೊಡಗಿದ. ಮುಗಿಸುವಷ್ಟರಲ್ಲಿ ನೂರಾಹನ್ನೆರಡು ಕೈಮುಗಿದ ಚಿತ್ರಗಳು ಬಂದಿದ್ದವು. ಬರೆದದ್ದನ್ನು ಅಳಿಸಿ, ತಾನೂ ಒಂದು ಕೈ ಮುಗಿದ.

ಆಮೇಲೆ ಜನ ಸಲಹೆ ಕೇಳಲು ಬಂದರು. ಅವನಿಗೆ ಗೊತ್ತಿದ್ದದ್ದು ಸ್ಟ್ಯಾನ್ ಹೇಳಿದ್ದು ಮಾತ್ರ. ಕೆಲಸ ಬಿಡಲೋ ಬೇಡವೋ ಎಂದು ಕೇಳಿದವರಿಗೆ, "ಭಾರ ಜಾಸ್ತಿಯಾದರೆ ಸಿಕ್ಕಿಹಾಕ್ಕೊಳ್ತೀವಿ, ಕಡಿಮೆಯಾದರೆ ಕೊಚ್ಚಿಹೋಗ್ತೀವಿ. ತಳ ಮುಟ್ಟುತ್ತಾ ಹೋಗ್ತಿರಬೇಕು," ಎಂದ. ಸೀಸದ ತೂಕದ ವಿಷಯ. ಆಂಟಿಯರು ಅದನ್ನು ಬರೆದುಕೊಂಡರು.

ಈ ಹಿನ್ನೆಲೆಯಲ್ಲಿ ಖಾಲಿ ಮೊಳೆಯ ಮುಂದೆ ನಿಂತಿದ್ದೆ. ವೆಂಕಟರಾಮು ಮಾವ ಕಾಫಿ ಲೋಟ ಹಿಡಿದು ಬಂದರು. ಅವರ ಮನೆ ಓಕ್ ಬ್ರೂಕ್‌ನಲ್ಲಿ, ಕಾರಿನಲ್ಲಿ ಐದು ಗಂಟೆಯ ದಾರಿ. ಅಪರಕರ್ಮವೆಲ್ಲ ಮಾಡಿದವರು ಅವರೇ.

"ಮಾವ, ಇಲ್ಲೊಂದು ಹಸಿರು ಗವಸಿತ್ತಲ್ಲ?"

"ದಂಡಾನಾ? ದಾನ ಕೊಟ್ಟಾಯ್ತಲ್ಲ ಮಗೂ, ಹನ್ನೆರಡನೇ ದಿನ. ಛತ್ರಿ, ಚಪ್ಪಲಿ, ಚೊಂಬು, ದಂಡ. ಛತ್ರಿ ಅಂಗಡೀಲಿ ಸಿಕ್ತು, ದಂಡ ಎಲ್ಲಿ ಹುಡುಕೋದು? ಇಲ್ಲಿ ನೋಡಿದ್ರೆ ಅವನ ಅನುಷ್ಠಾನದ್ದೇ ನೇತಾಡ್ತಿತ್ತು. ಹಯವದನಾಚಾರ್ ಕೈಗೆ ಕೊಟ್ಟೆ ನೋಡು, ಅವರ ಕಣ್ಣಲ್ಲಿ ನೀರು ಬಂದ್ಬಿಡ್ತು."

"ಮಾವ, ಅದು ಗಾಳದ ಕೋಲು."

ನಲವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಬೇರೆಯವರ ಪ್ರಜ್ಞೆ ತಪ್ಪಿಸಿದ ಡಾಕ್ಟರು ಅವರು. ಹಿಮಕ್ಕೆ ಹಾಕುವ ಉಪ್ಪಿನ ಚೀಲದ ಮೇಲೆ ಕುಳಿತುಬಿಟ್ಟರು.

"ಗಾಳ ಅಂದ್ರೆ... ಮೀನಿಂದಾ?"

"ಹೂಂ."

"ತಿಂತಿದ್ನಾ?"

"ಇಲ್ಲ ಮಾವ. ಒಂದೂ ಸಿಗಲಿಲ್ಲ."

"ಸದ್ಯ!" ಎಂದರು. ಕಾಫಿ ಕುಡಿದರು. ಲೋಟ ಅರ್ಧಕ್ಕೆ ನಿಂತಿತು. "ಅಂದ್ರೆ ನಾನು ಬ್ರಾಹ್ಮಣನಿಗೆ ಮೀನು ಹಿಡಿಯೋ ಕೋಲು ದಾನ ಕೊಟ್ಟೆ."

"ಅದೂ ನಮ್ಮದಲ್ಲ. ಸ್ಟ್ಯಾನ್ ಅವರದ್ದು. ವಾಪಸ್ ಕೇಳೋಣ."

"ಕೊಟ್ಟ ದಾನ ವಾಪಸ್ಸಾ? ಹಾಗೆ ಮಾಡಿದೋರು ಎಷ್ಟು ಸಾವಿರ ವರ್ಷ ಹುಳ ಆಗಿರ್ತಾರೆ ಗೊತ್ತಾ ನಿಂಗೆ?"

"ಏನು ವಾಪಸ್ಸು?" ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಏಣಿ ಅಕ್ಕಾ," ಎಂದರು ಮಾವ. "ಪಕ್ಕದ ಮನೆಯೋರ ಏಣಿ."

ಅತ್ತೆಯ ಕೈಯಲ್ಲಿ ಕಿತ್ತಳೆ ಬಣ್ಣದ ಜಪಮಾಲೆಯಿತ್ತು. ಹೃಷಿಯ ಮೇಜಿನ ಡ್ರಾಯರಿನಲ್ಲಿ ಸಿಕ್ಕ ಹವಳ ಎಂದು, ನೂರೆಂಟನ್ನು ಎಣಿಸಿ ತಾವೇ ಪೋಣಿಸಿಕೊಂಡಿದ್ದರು. ಅವರು ಖಾಲಿ ಮೊಳೆಯನ್ನು ನೋಡಿದರು.

"ದಂಡ ಕೊಟ್ಟಿದ್ದು ಒಳ್ಳೇದಾಯ್ತು ರಾಮು. ವೈತರಣಿ ದಾಟೋವಾಗ ಊರ್ಕೊಳ್ಳೋಕೆ ಒಂದು ಕೋಲಿರತ್ತೆ. ಅವನಿಗೆ ಈಜು ಬರ್ತಿರ್ಲಿಲ್ಲ ಕಣೋ. ಆ ಕೋಲು ಹಿಡ್ಕೊಂಡು ಹೋಗ್ತಿದಾನೆ ಅಂದ್ಕೊಂಡ್ರೇನೇ ನಂಗೆ ಕಣ್ಣು ಹತ್ತೋದು."

ಅವರು ಒಳಗೆ ಹೋದರು. ಮಾವ ನನ್ನನ್ನು ನೋಡಿದರು. ಮುಂದಿನ ಸೋಮವಾರ ಅತ್ತೆ ಮತ್ತು ನಾನು ಬೆಂಗಳೂರಿಗೆ ಹೊರಡುವವರಿದ್ದೆವು. ನನ್ನ ವೀಸಾ ಹೃಷಿಯ ವೀಸಾಕ್ಕೆ ಜೋತುಬಿದ್ದದ್ದು. ಅಷ್ಟರೊಳಗೆ ಕೋಲು ಸ್ಟ್ಯಾನ್‌ಗೆ ಸೇರಬೇಕು. ಅತ್ತೆಯ ಮಗನ ಕೈಯಿಂದ ಅದು ಜಾರಲೂ ಬಾರದು. ಒಂದು ಕೋಲು, ಇಬ್ಬರು ಮುದುಕರು.

ಶನಿವಾರದೊಳಗೆ ಕೊಡುತ್ತೇನೆಂದು ಸ್ಟ್ಯಾನ್‌ಗೆ ಹೇಳಿದೆ. ಶನಿವಾರ ಆರಕ್ಕೆ ನೀರಿನಲ್ಲಿರುತ್ತೇನೆ ಎಂದರು.

ಹಯವದನಾಚಾರ್ ಇರುವುದು ಇಲ್ಲೇ ವಾರೆನ್‌ನಲ್ಲಿ. ವಾರದ ದಿನಗಳಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾರೆ. ಶನಿವಾರ ಭಾನುವಾರ ಪೌರೋಹಿತ್ಯ. ಮೂಲ ರಾಯಚೂರು ಕಡೆ. ಫೋನ್ ಮಾಡಿದೆ.

"ದಂಡ ದೇವರ ಮನ್ಯಾಗ ಇಟ್ಟೇನ್ರೀ ತಂಗಿ. ಏನು ತೇಜಸ್ಸರೀ ಅದು! ಕೈಯಾಗ ಹಿಡದ್ರ ಒಂಥರಾ ಕಂಪನ ಬರ್ತದ."

ಕಂಪನ ಬರಲೆಂದೇ ಗ್ರಾಫೈಟಿನಲ್ಲಿ ಮಾಡಿದ ಕೋಲು. ನಾನು ಹೇಳಲಿಲ್ಲ.

"ಗವಸು ಬಿಚ್ಚಿದ್ರಾ?"

"ಛೇ ಛೇ! ಸಾಧಕರ ದಂಡ ಹಂಗ ಬಿಚ್ಚಂಗಿಲ್ಲ. ನಮ್ಮ ಮಂದಿ ಬಂದು ನಮಸ್ಕಾರ ಮಾಡಿ ಹೊಂಟಾರ. ನಿನ್ನೆ ಒಬ್ಬಾಕಿಗೆ ಬೆನ್ನುನೋವು ಕಡಿಮಿ ಆತು."

ಬೇರೆ ಒಂದು ದಂಡ ಕೊಡುತ್ತೇವೆ, ಅದನ್ನು ನೆನಪಿಗೆಂದು ನಮಗೆ ಕೊಡಿ ಎಂದೆ. "ನಿಮ್ಮ ಸಂಕಟ ನಂಗ ತಿಳೀತದ ತಂಗಿ. ಆದ್ರ ಮೋಹ ಬಿಡ್ರಿ," ಎಂದರು.

ಬುಧವಾರ ದಂಡದ ಫೋಟೋ ವಾಟ್ಸಾಪಿಗೆ ಬಂತು. ಹಾರ ಹಾಕಿದ್ದರು. ಕೆಳಗೆ ಅರುಣ್ ಕುಮಾರ್ ಅವರ ಪ್ರಕಟಣೆ: "ಈ ಶನಿವಾರ ಬೆಳಿಗ್ಗೆ ಆರಕ್ಕೆ, ಹೃಷೀಕೇಶರು ಅನುಷ್ಠಾನ ಮಾಡುತ್ತಿದ್ದ ಸ್ಥಳದಲ್ಲೇ ಸ್ಮರಣಾರ್ಥ ನದೀಸ್ನಾನ. ಆಚಾರ್ಯರು ದಂಡದೊಂದಿಗೆ ಆಗಮಿಸುವರು. ಪಾಟ್‌ಲಕ್ ಇದೆ, ಮನೆಗೊಂದು ಅಡುಗೆ ತನ್ನಿ. ಮೊಸರನ್ನ ದಯವಿಟ್ಟು ಬೇಡ, ಈಗಾಗಲೇ ಏಳು ಮನೆಯವರು ಹೆಸರು ಕೊಟ್ಟಿದ್ದಾರೆ."

ನಾನು ಅವರಿಗೆ ಫೋನ್ ಮಾಡಿದೆ. "ಶನಿವಾರ ಬೇಡಿ. ಅವತ್ತು ಅಲ್ಲಿ ತುಂಬಾ ಜನ ಇರ್ತಾರೆ."

"ಇರ್ಲಿ ಬಿಡಿ ಮೇಡಂ! ನಮ್ಮ ಕಲ್ಚರ್ ಏನು ಅಂತ ಅವ್ರೂ ನೋಡ್ಲಿ!"

ವೆಂಕಟರಾಮು ಮಾವ ಓಕ್ ಬ್ರೂಕ್‌ಗೆ ಹೋಗುವುದನ್ನು ಮುಂದಕ್ಕೆ ಹಾಕಿ, ಯೋಜನೆ ಹಾಕಿದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಇದ್ದು ಪರದೆ ಕಟ್ಟುವ ಕಂಬಿಯೊಂದನ್ನು ತಂದರು. ಹಸಿರು ದಿಂಬಿನ ಚೀಲಗಳೆರಡನ್ನು ಕತ್ತರಿಸಿ, ಆಪರೇಷನ್ ಹೊಲಿಗೆಯಲ್ಲಿ ಗವಸು ಹೊಲಿದರು. ನೀರಿನ ಹತ್ತಿರ ನೂಕುನುಗ್ಗಲಿನಲ್ಲಿ ಅದಲುಬದಲು ಮಾಡಿದರಾಯಿತು. "ವಾಪಸ್ ತಗೊಂಡ ಹಾಗೂ ಆಗಲ್ಲ ನೋಡು," ಎಂದರು. "ದಂಡದ ಜಾಗದಲ್ಲಿ ದಂಡ. ಶಾಸ್ತ್ರಕ್ಕೆ ಲೆಂಗ್ತ್ ಮುಖ್ಯ."

ಶನಿವಾರ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ನದಿಯ ಉದ್ದಕ್ಕೂ ಹತ್ತಡಿಗೊಬ್ಬರಂತೆ ಮೀನು ಹಿಡಿಯುವವರು ರಬ್ಬರ್ ಪ್ಯಾಂಟು ತೊಟ್ಟು ನೀರಿನಲ್ಲಿ ನಿಂತಿದ್ದರು. ಎಲ್ಲರ ಕಣ್ಣೂ ದಾರದ ಮೇಲೆ, ಯಾರೂ ಮಾತಾಡುತ್ತಿರಲಿಲ್ಲ. ಆ ಮೌನದೊಳಕ್ಕೆ ಚಳಿಗಾಲದ ಪೈಜಾಮದ ಮೇಲೆ ಪಂಚೆ ಉಟ್ಟ, ಜಾಕೆಟ್ಟಿನ ಮೇಲೆ ಶಲ್ಯ ಹೊದ್ದ ನಲವತ್ತಮೂರು ಕನ್ನಡಿಗರು ತಾಳ ಕುಟ್ಟುತ್ತ ಇಳಿದರು. ಎರಡು ಪಂಗಡಗಳೂ ಒಂದನ್ನೊಂದು ನೋಡಿದವು.

"ಇಷ್ಟು ಜನ ಜಪಕ್ಕೆ ಬಂದಿದಾರಾ?" ಎಂದು ಅತ್ತೆ ನನ್ನನ್ನು ಕೇಳಿದರು.

"ಹೂಂ," ಎಂದೆ.

"ಎಲ್ಲಾ ಹೃಷೀನ ನೋಡಿ ಕಲ್ತಿದ್ದಾ?"

ಮಾವ ಕೆಮ್ಮಿದರು.

ಅರುಣ್ ಕುಮಾರ್ ಒಬ್ಬೊಬ್ಬರ ಹತ್ತಿರವೂ ಹೋಗಿ, ನಮ್ಮವರೊಬ್ಬರು ತೀರಿಕೊಂಡಿದ್ದಾರೆ, ಹತ್ತು ನಿಮಿಷದ ಕಾರ್ಯಕ್ರಮ ಎಂದು ವಿವರಿಸಿದರು. ಬೆಳಕು ಹರಿಯುವ ಆ ಹತ್ತು ನಿಮಿಷಕ್ಕಾಗಿ ಚಳಿಗಾಲ ಪೂರ್ತಿ ಕಾದವರು ಅವರು. ಟೋಪಿ ತೆಗೆದು ದಾರ ಸುತ್ತಿಕೊಂಡು ಪಕ್ಕಕ್ಕೆ ಸರಿದರು. ಮೇಲಿನ ತಿರುವಿನಲ್ಲಿ ಸ್ಟ್ಯಾನ್ ಕಂಡರು. ಕೈಯಲ್ಲಿ ಮಕ್ಕಳಿಗೆ ಕೊಡಿಸುವಂಥ ನೀಲಿ ಪ್ಲಾಸ್ಟಿಕ್ ಹಿಡಿಯ ಕೋಲಿತ್ತು. ಆಮೇಲೆ ಅವರ ದೃಷ್ಟಿ ಆಚಾರ್ಯರ ಕೈಯಲ್ಲಿದ್ದ, ಹಾರ ಹಾಕಿದ ಹಸಿರು ಗವಸಿನ ಮೇಲೆ ಬಿತ್ತು.

ಆಚಾರ್ಯರು ದಂಡವನ್ನು ಎತ್ತಿ ಹಿಡಿದರು. "ಹೃಷೀಕೇಶಪ್ಪನವರು ಏನಂತಿದ್ರು? ಭಾರ ಹೆಚ್ಚಾದ್ರ ಸಿಗಬೀಳ್ತೀವಿ, ಕಡಿಮಿ ಆದ್ರ ಹರಕೊಂಡು ಹೋಗ್ತೀವಿ, ತಳಾ ಮುಟ್ಟಕೋತ ಹೋಗ್ರಿ! ಏನ್ರೀ ಇದರ ಅರ್ಥ?" ಯಾರಿಗೂ ಗೊತ್ತಿರಲಿಲ್ಲ. ಆಚಾರ್ಯರು ಅರ್ಥ ಹೇಳಿದರು. ಅದು ಹನ್ನೆರಡು ನಿಮಿಷವಾಯಿತು. ನಂತರ ನೀರಿಗೆ ಕಾಲಿಟ್ಟು, "ಗೋವಿಂದಾ!" ಎಂದು ಕೂಗಿದರು. ಅದು ಭಕ್ತಿಯ ಕೂಗು ಎಂದು ತಿಳಿದು ನಲವತ್ತೆರಡು ಜನ "ಗೋವಿಂದ!" ಎಂದರು.

ಸೊಂಟಮಟ್ಟ ನೀರಿನಲ್ಲಿ ಅವರು ದಂಡವನ್ನು ಗವಸಿನ ಸಮೇತ ಮೂರು ಸಲ ಮುಳುಗಿಸಿದರು. ಒದ್ದೆ ಬಟ್ಟೆ ಕೋಲಿಗೆ ಅಂಟಿಕೊಂಡಿತು. ಅದರೊಳಗಿನಿಂದ ದಾರ ಹಾಯಿಸುವ ಸಣ್ಣ ಉಂಗುರಗಳು ಸಾಲಾಗಿ ಎದ್ದು ಕಂಡವು.

ಇದೇ ಸಮಯವೆಂದು ವೆಂಕಟರಾಮು ಮಾವ ಕೋಟಿನೊಳಗಿನಿಂದ ತಮ್ಮ ಗವಸನ್ನು ತೆಗೆದು ನೀರಿಗಿಳಿದರು. ಪರದೆಯ ಕಂಬಿಗಳು ಕಿಟಕಿಯ ಅಗಲಕ್ಕೆ ತಕ್ಕಂತೆ ಉದ್ದವಾಗುತ್ತವೆ ಎಂಬುದನ್ನು ಅವರು ಗಮನಿಸಿರಲಿಲ್ಲ. ಒಳಗೆ ಸ್ಪ್ರಿಂಗ್ ಇತ್ತು. ಕಾಲು ಜಾರಿ ಅದನ್ನು ಊರಿದ ಕೂಡಲೇ ಆಪರೇಷನ್ ಹೊಲಿಗೆ ಬಿಚ್ಚಿ, ಕಂಬಿ ಟಣ್ಣನೆ ಏಳಡಿಗೆ ಬೆಳೆಯಿತು. ಎಲ್ಲರೂ ತಿರುಗಿ ನೋಡಿದರು.

"ರಾಮು," ಎಂದರು ಅತ್ತೆ ದಡದಿಂದ. "ಅದೇನೋ?"

"ಸ್ಪೇರ್ ಅಕ್ಕಾ," ಎಂದರು ಮಾವ.

ಸರಿಯಾಗಿ ಆಗಲೇ ಹಸಿರು ಯೂನಿಫಾರ್ಮಿನ ಅಧಿಕಾರಿಯೊಬ್ಬ ದಂಡೆಯಿಂದ ಇಳಿದು ಬಂದ. ಸೀಸನ್ನಿನ ಮೊದಲ ದಿನ ಮೀನು ಹಿಡಿಯುವವರ ಲೈಸೆನ್ಸ್ ತಪಾಸಣೆ ಇರುತ್ತದೆ. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಪುಸ್ತಕ. ಅವನಿಗೆ ಕಂಡದ್ದು ನೀರಿನಲ್ಲಿ ನಿಂತಿರುವ, ಕೋಲು ಹಿಡಿದಿರುವ, ಹಿಂದೆಂದೂ ನೋಡಿರದ ಒಬ್ಬ ಮನುಷ್ಯ. ನೇರವಾಗಿ ಆಚಾರ್ಯರ ಬಳಿ ಹೋಗಿ, ಲೈಸೆನ್ಸ್ ತೋರಿಸಿ ಎಂದ.

ಹಯವದನಾಚಾರ್ ಇರುವುದು ಕೆಲಸದ ವೀಸಾದ ಮೇಲೆ. ಆ ವೀಸಾ ಒಂದೇ ಕಂಪನಿಯ ಕೆಲಸಕ್ಕೆ. ವಾರಾಂತ್ಯದ ದಕ್ಷಿಣೆಯ ಬಗ್ಗೆ ಅವರಿಗೆ ಒಂಬತ್ತು ವರ್ಷದಿಂದ ನಿದ್ದೆಯಲ್ಲೂ ಒಂದು ಯೂನಿಫಾರ್ಮು ಕಾಣುತ್ತಿತ್ತಂತೆ. ಈಗ ಅದು ಎದುರಿಗೇ ನಿಂತಿತ್ತು.

"ನೋ ಮನಿ ಸರ್!" ಎಂದು ಕಿರುಚಿದರು. "ಓನ್ಲೀ ವಾಲಂಟಿಯರ್ ಸರ್! ಬಾಳೇಹಣ್ಣು, ಓನ್ಲೀ ಬನಾನಾ!"

"ಈ ಕೋಲು ನಿಮ್ಮದಾ?"

"ಅಲ್ಲ ಸರ್! ನಾಟ್ ಮೈನ್! ಇದಕ್ಕೂ ನನಗೂ ಸಂಬಂಧ ಇಲ್ಲ! ನಾ ತಗೊಂಡೇ ಇಲ್ಲ! ಎಲ್ಲಾರೂ ಕೇಳ್ರಿ, ಇದು ನಂದಲ್ಲ!"

ನಲವತ್ತೆರಡು ಜನ ಕೇಳಿದರು. ಮಾವ ಏಳಡಿಯ ಕಂಬಿಗೆ ಆತುಕೊಂಡು ನನ್ನ ಕಡೆ ನೋಡಿದರು. ದಾನ ತೆಗೆದುಕೊಂಡವರು ಸಾಕ್ಷಿಗಳ ಮುಂದೆ, ನದಿಯಲ್ಲಿ ನಿಂತು, ದಾನವನ್ನು ಬಿಟ್ಟುಕೊಟ್ಟಿದ್ದರು. ಹುಳವಾಗುವ ಭಯ ಮುಗಿಯಿತು.

"ಹಾಗಾದ್ರೆ ಯಾರದ್ದು?" ಎಂದ ಅಧಿಕಾರಿ.

"ಸತ್ತೋದವರದ್ದು," ಎಂದರು ಅರುಣ್ ಕುಮಾರ್ ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ.

"ಸತ್ತವರಿಗೆ ಲೈಸೆನ್ಸ್ ಇದೆಯಾ?"

ಅತ್ತೆ ನನ್ನ ತೋಳು ಹಿಡಿದುಕೊಂಡರು. "ಪೊಲೀಸಿನವನು ಏನಂತಿದಾನೆ ಮಂಜರಿ? ಹೃಷಿ ವಿಷಯಾನಾ ಮಾತಾಡ್ತಿರೋದು?"

ಸೋಮವಾರದಿಂದ ನಾನು ಅವರಿಗೆ ಎಲ್ಲವನ್ನೂ ತಪ್ಪಾಗಿ ಹೇಳುತ್ತ ಬಂದಿದ್ದೆ. ಇನ್ನೊಂದು ಸುಳ್ಳು ನಾಲಗೆಯ ಮೇಲೆ ಸಿದ್ಧವಾಗಿಯೇ ಇತ್ತು: ಸ್ನಾನಕ್ಕೆ ಪರ್ಮಿಟ್ ಕೇಳ್ತಿದಾನೆ ಅತ್ತೆ. ಆದರೆ ಮೇಲೆ, ತಿರುವಿನಲ್ಲಿ, ಆ ನೀಲಿ ಹಿಡಿಯ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಸ್ಟ್ಯಾನ್ ಟೋಪಿ ತೆಗೆದು ನಿಂತಿದ್ದರು. ಏನೂ ಕೇಳಲಿಲ್ಲ. ಕೋಲು ತಮ್ಮದೆಂದು ಅವರು ಒಂದು ಮಾತು ಹೇಳಬಹುದಿತ್ತು. ನನ್ನ ಅತ್ತೆಯನ್ನು ನೋಡಿಯೇ ಇರಬೇಕು, ಹೇಳಲಿಲ್ಲ.

ಆಸ್ಪತ್ರೆಯವರು ಕೊಟ್ಟ ಹೃಷಿಯ ಪರ್ಸು ನನ್ನ ಕೋಟಿನ ಜೇಬಿನಲ್ಲೇ ಇತ್ತು. ಲೈಸೆನ್ಸಿನ ಚೀಟಿಯನ್ನು ತೆಗೆದು ಅಧಿಕಾರಿಗೆ ಕೊಟ್ಟೆ. ಅವನು ಓದಿ, "ಇದು ಮುಂದಿನ ಮಾರ್ಚ್‌ವರೆಗೂ ನಡೆಯುತ್ತೆ," ಎಂದ. ಆಮೇಲೆ ನನ್ನ ಮುಖ ನೋಡಿ ತನ್ನ ಪುಸ್ತಕ ಮುಚ್ಚಿದ.

"ಅತ್ತೆ," ಎಂದೆ, "ಅದು ಮೀನು ಹಿಡಿಯೋಕೆ ಸರ್ಕಾರ ಕೊಡೋ ಚೀಟಿ. ಹೃಷಿ ಇಲ್ಲಿ ಜಪ ಮಾಡ್ತಿರಲಿಲ್ಲ. ಮೀನು ಹಿಡೀತಿದ್ದ. ಆ ದಂಡ ಗಾಳದ ಕೋಲು. ಅದೂ ಅವನದ್ದಲ್ಲ, ಅಲ್ಲಿ ನಿಂತಿದಾರಲ್ಲ, ಅವರ ಹತ್ರ ಸಾಲ ತಂದಿದ್ದು."

ಕನ್ನಡದಲ್ಲಿ ಹೇಳಿದ್ದರಿಂದ ನಲವತ್ತೆರಡು ಜನಕ್ಕೂ ಅರ್ಥವಾಯಿತು. ತಾಳ ಕುಟ್ಟುತ್ತಿದ್ದವರು ತಾಳವನ್ನು ಮೆತ್ತಗೆ ಜೇಬಿಗೆ ಹಾಕಿಕೊಂಡರು. ಬೆನ್ನುನೋವು ಕಡಿಮೆಯಾಗಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಅರುಣ್ ಕುಮಾರ್ ಫೋನ್ ತೆಗೆದು ಹಳೆಯ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದರು.

ಅತ್ತೆ ನದಿಯನ್ನು ನೋಡುತ್ತಿದ್ದರು.

"ಎಷ್ಟು ಹಿಡಿದ?"

"ಒಂದೂ ಇಲ್ಲ."

"ಎರಡು ವರ್ಷದಲ್ಲಿ?"

"ಒಂದೂ ಇಲ್ಲ ಅತ್ತೆ."

"ಅವರನ್ನ ಕೇಳು," ಎಂದರು ಅತ್ತೆ. "ನೀವು ಏಣಿ ಅಂದವರು."

ಸ್ಟ್ಯಾನ್ ಇಳಿದು ಬಂದಿದ್ದರು. ಕೇಳಿದೆ. ಅವರು ಅತ್ತೆಗೇ ಉತ್ತರ ಕೊಟ್ಟರು; ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ. ನಿಮ್ಮ ಮಗ ನಾನು ಕಂಡವರಲ್ಲೆಲ್ಲ ಅತ್ಯಂತ ಕೆಟ್ಟ ಮೀನುಗಾರ. ಪ್ರತಿ ಕಲ್ಲಿಗೂ ಕೋಲೆತ್ತುತ್ತಿದ್ದ. ಕಲ್ಲು ಎಂದು ಗೊತ್ತಾದ ಮೇಲೆ, ಸಾರಿ, ಎನ್ನುತ್ತಿದ್ದ. ನನಗಲ್ಲ. ಕಲ್ಲಿಗೆ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ಮಾವ ಹತ್ತಿರ ಬಂದರು. ಅತ್ತೆ ನಗುತ್ತಿದ್ದರು. "ಸ್ಕೂಲಲ್ಲೂ ಹಾಗೇ ಕಣೋ ರಾಮು. ಬಾಗಿಲಿಗೆ ಢಿಕ್ಕಿ ಹೊಡೆದು ಬಾಗಿಲಿಗೆ ಸಾರಿ ಕೇಳಿ ಬಂದಿದ್ದ." ನಕ್ಕು ಮುಗಿಸಲು ಅವರಿಗೆ ಆಗಲಿಲ್ಲ. ಅದು ಬೇರೆ ಕಡೆಗೆ ತಿರುಗಿತು. ಮಾವ ಹಿಡಿದುಕೊಂಡರು.

ಸ್ಟ್ಯಾನ್ ಅತ್ತೆಯ ಕೈಯಲ್ಲಿದ್ದ ಕಿತ್ತಳೆ ಮಾಲೆಯನ್ನು ನೋಡುತ್ತಿದ್ದರು. "ಎಂಟು ಮಿಲಿಮೀಟರ್," ಎಂದರು ನನಗೆ. "ಮೋಡದ ದಿನಕ್ಕೆ ಒಳ್ಳೆ ಬಣ್ಣ." ಅದನ್ನು ಕನ್ನಡಕ್ಕೆ ತಂದೆ. ಅತ್ತೆ ಮಾಲೆಯನ್ನು ತಿರುಗಿಸಿ ನೋಡಿದರು. ತೆಗೆದಿಡಲಿಲ್ಲ. ಆಗಲೇ ಹತ್ತು ಸಾವಿರ ನಾಮ ಆಗಿತ್ತು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅವನದ್ದಲ್ಲದ ಕೋಲು ದಾನ ಕೊಟ್ಟರೆ ಅವನಿಗೆ ಸೇರತ್ತಾ ಆಚಾರ್ರೇ?"

ಆಚಾರ್ಯರು ನೀರಿನಿಂದ ಮೇಲೆ ಬಂದು ನಡುಗುತ್ತ ನಿಂತಿದ್ದರು. ಅಧಿಕಾರಿ ಕಂಬಳಿ ತಂದುಕೊಟ್ಟಿದ್ದ. ಅವರು ಸುಳ್ಳು ಹೇಳಬಹುದಿತ್ತು. "ಸೇರಂಗಿಲ್ಲಮ್ಮ," ಎಂದರು.

"ಹಾಗಾದ್ರೆ ಹದಿನೆಂಟು ದಿನದಿಂದ ನನ್ನ ಮಗ ಬರಿಗೈಲಿ ನಡೀತಿದಾನೆ."

ಸ್ಟ್ಯಾನ್ ಏನೆಂದು ಕೇಳಿದರು. ಇದನ್ನು ಇಂಗ್ಲಿಷಿಗೆ ತರುವುದು ಸುಲಭವಿರಲಿಲ್ಲ. ಸತ್ತವರು ಒಂದು ನದಿ ದಾಟಬೇಕು ಎಂದೆ. ಕೆಟ್ಟ ನದಿ. ಊರಿಕೊಳ್ಳಲು ಕೋಲು ಬೇಕು; ಇಲ್ಲಿ ಕೊಟ್ಟರೆ ಅಲ್ಲಿ ಅವರಿಗೆ ಸಿಗುತ್ತದೆ.

"ಹರಿವು ಜೋರಾ?"

"ಜೋರು."

"ತಳ ಹೇಗೆ? ಕಲ್ಲಾ, ಕೆಸರಾ?"

ಆಚಾರ್ಯರನ್ನು ಕೇಳಿದೆ. "ರಕ್ತ, ಕೀವು, ಎಲುಬು," ಎಂದರು. ಜಾರುತ್ತದೆ ಎಂದು ಸ್ಟ್ಯಾನ್‌ಗೆ ಹೇಳಿದೆ.

ಸ್ಟ್ಯಾನ್ ಸೊಂಟದ ಪಟ್ಟಿಯಿಂದ ನೇತುಬಿದ್ದಿದ್ದ ಇನ್ನೊಂದು ಕೋಲನ್ನು ಬಿಚ್ಚಿದರು. ನೀರಿನಲ್ಲಿ ನಡೆಯುವವರು ಊರಿಕೊಳ್ಳುವ ಕೋಲು. ತುದಿಗೆ ಕಬ್ಬಿಣದ ಮೊನೆ. ಅದನ್ನು ನನ್ನ ಕೈಗೆ ಕೊಟ್ಟರು. "ಮೊನೆ ಹೊಸದು. ಮೇಲ್ಹರಿವಿನ ಕಡೆ ಊರೋಕೆ ಹೇಳಿ. ಅವನು ಯಾವಾಗಲೂ ಕೆಳಗಡೆ ಊರ್ತಿದ್ದ."

"ನಿಮಗೆ?"

"ನಾನು ದಡದಲ್ಲೇ ನಿಲ್ತೀನಿ."

ಹಾಗೆ ಅದು ನನ್ನದಾಯಿತು. ನನ್ನದನ್ನು ಅತ್ತೆಗೆ ಕೊಟ್ಟೆ. ಅತ್ತೆ ತುಳಸಿಯಿಲ್ಲದೆ, ಬರೀ ನದಿಯ ನೀರು ಬಿಟ್ಟು, ಮಗನ ಹೆಸರು ಹೇಳಿ ಆಚಾರ್ಯರಿಗೆ ಕೊಟ್ಟರು. ಆಚಾರ್ಯರು ಮೊದಲು ಅಧಿಕಾರಿಯ ಕಡೆ ನೋಡಿದರು. ಅವನು ದಡದ ಮೇಜಿನ ಹತ್ತಿರ ಯಾರದೋ ಮೊಸರನ್ನ ತಿನ್ನುತ್ತಿದ್ದ. ಆಮೇಲೆ ತೆಗೆದುಕೊಂಡರು.

ಜನ ಮೇಜಿನ ಕಡೆಗೆ ನಡೆದರು. ಮೀನು ಹಿಡಿಯುವವರು ನೀರಿಗಿಳಿದು ತಮ್ಮ ತಮ್ಮ ಹತ್ತಡಿಗೆ ಮರಳಿದರು. ಮಾವ ಪರದೆಯ ಕಂಬಿಯನ್ನು ಗಿಡ್ಡ ಮಾಡಲು ಒದ್ದಾಡುತ್ತಿದ್ದರು.

ಆಚಾರ್ಯರು ದಡದಲ್ಲಿ ಬಿಟ್ಟಿದ್ದ ಗಾಳದ ಕೋಲಿನಿಂದ ನಾನು ಹಾರವನ್ನು ತೆಗೆದು ಒದ್ದೆ ಗವಸಿನ ಗಂಟು ಬಿಚ್ಚಿದೆ. ಸ್ಟ್ಯಾನ್ ಎರಡೂ ಕೈ ಚಾಚಿದರು. ಆ ಕೋಲು ಎರಡು ತುಂಡಿನದು. ಗವಸಿನಲ್ಲಿ ಎರಡು ಜೇಬು. ಮೊದಲನೆಯದನ್ನು ಕೊಟ್ಟೆ. ಎರಡನೆಯದು ಹಿಡಿ ಇರುವ ತುಂಡು. ಹಿಡಿಯ ಬೆಂಡಿನ ಮೇಲೆ ಹೃಷಿಯ ಹೆಬ್ಬೆರಳಿನ ಗುರುತು ಕಪ್ಪಗೆ ಕೂತಿತ್ತು. ಸ್ಟ್ಯಾನ್ ಕೈ ಚಾಚಿಯೇ ಇದ್ದರು. ಆತುರವೇನಿಲ್ಲ ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅದನ್ನೂ ಕೊಟ್ಟೆ.